ಉಡಿ ತುಂಬಿ ಕಳಿಸಿದ ಏಳು ನಂಬರ್

ನನಗ ಹೊಟ್ಟಿಕಿಚ್ಚು ಭಾಳ. ಇದನ್ನ ಮೊದಲ ನಾನ ಹೇಳಿಬಿಡತೀನಿ, ಆಮ್ಯಾಲ ನೀವು ಕಂಡುಹಿಡದ್ರಿ ಅನ್ನೂದು ಬ್ಯಾಡ. ಮಂದಿ ಚೊಲೋ ಸೀರಿ ಉಟ್ರ ನನಗ ಉರಿಯೂದಿಲ್ಲ, ಬಂಗಾರ ಹಾಕ್ಕೊಂಡ್ರೂ ಉರಿಯೂದಿಲ್ಲ. ಠಾಣೆಯ ನೌಪಾಡಾದ ಸೀರಿ ಅಂಗಡ್ಯಾಗ ಹದಿನಾಲ್ಕು ವರ್ಷ ಸೀರಿ ಬಿಚ್ಚಿ ತೋರಿಸಿ ಮಡಚಿ ಇಟ್ಟಾಕಿ ನಾನು, ರೇಷ್ಮಿ ಕಂಡ್ರ ಕೈ ಬ್ಯಾನಿ ಆಗತಾವ ಅಷ್ಟ. ನಾನು ಉರದದ್ದು ಒಂದ ವಿಷಯಕ್ಕ. ಥ್ರೋಬಾಲಿನ ಸರ್ವಿಸ್‌ಗೆ.

ನಗಬ್ಯಾಡ್ರಿ. ಠಾಣೆ, ಡೊಂಬಿವ್ಲಿ, ಕಲ್ಯಾಣ, ನವಿ ಮುಂಬಯಿ, ಈ ನಾಲ್ಕೂ ಕಡೆ ಕನ್ನಡದವರ ಸಂಘ ಅದಾವ, ನಾಲ್ಕಕ್ಕೂ ಹೆಣ್ಣಮಕ್ಕಳ ಥ್ರೋಬಾಲ್ ತಂಡ ಅದಾವ. ವರ್ಷಕ್ಕೊಮ್ಮೆ ಆಟ. ನಮ್ಮದು ಡೊಂಬಿವ್ಲಿ ತಂಡ. ಉಡುಪಿ ಕಡೆಯವರು ಚೆಂಡು ಬಿಟ್ರ ತುಳುವಿನಾಗ ಒದರತಾರ, ನಾವು ವಿಜಾಪುರದವರು ನಮ್ಮ ಮಾತಿನಾಗ ಬೈತೀವಿ, ಇಲ್ಲೇ ಹುಟ್ಟಿದ ಹುಡುಗ್ಯಾರು ಹಿಂದ್ಯಾಗ ಮಾಫಿ ಕೇಳತಾರ. ಅಂಕಣದಾಗ ಏಳು ಮಂದಿ, ಪಟ್ಟಿಯೊಳಗ ಹನ್ನೆರಡು. ಆರು ವರ್ಷ ನಾನು ಏಳು ನಂಬರಿನ ಅಂಗಿ ಹಾಕ್ಕೊಂಡು ಸರ್ವಿಸ್ ಮಾಡಿದಾಕಿ. ಹಿಂದಿನ ಗೆರಿ ಮ್ಯಾಲ ನಿಂತು ಒಂದ ಕೈಯಿಂದ ಚೆಂಡನ್ನ ನೆಟ್ಟಿನ ಆಚೆ ಒಗಿಯೂದು; ಆ ಕಡೆಯಾಕಿ ಅದನ್ನ ಎರಡೂ ಕೈಯಾಗ ಹಿಡೀಬೇಕು, ಜಾರಿದ್ರ ಪಾಯಿಂಟ್ ನಮ್ಮದು. ನನ್ನ ಚೆಂಡು ಹಿಡಿದು ಕಲ್ಯಾಣದಾಕಿ ಒಬ್ಬಾಕಿ ಬೆರಳು ಉಳುಕಿಸಿಕೊಂಡಿದ್ದಳು. ಅದನ್ನ ನಾನು ಎಷ್ಟು ಸಲ ಹೇಳೀನಿ ಅಂದ್ರ, ಆ ಬೆರಳು ಎಂದೋ ಆರಾಮ ಆಗಿ ಆಕಿ ಮೊಮ್ಮಗಳನ್ನ ಎತ್ತಾಡಸಾಕತ್ತಿದ್ರೂ ನಾನು ಇನ್ನೂ ಹೇಳತಿದ್ದೆ.

ಆಮ್ಯಾಲ ನನ್ನ ಮೊಣಕಾಲು ಬಾತು. ದಿನಾ ಅಂಗಡ್ಯಾಗ ನಿಂತು ನಿಂತು ಅದಕ್ಕೂ ಸಾಕಾಗಿತ್ತು. ಪಟ್ಟಿಯೊಳಗ ಹನ್ನೆರಡನೇ ಹೆಸರಾಗಿ, ಹನ್ನೆರಡು ನಂಬರಿನ ಅಂಗಿ ಹಾಕ್ಕೊಂಡು ನಾನು ಬೆಂಚಿಗೆ ಕುಂತೆ. ಅದ ವರ್ಷ ನನ್ನ ಮೈದುನನ ಲಗ್ನ ಆತು.

ನಾವು ಡೊಂಬಿವ್ಲಿ ಬಾಜೂ ಠಾಕುರ್ಲ್ಯಾಗ ಒಂದ ಮನ್ಯಾಗ ಇದ್ದೆವು. ನಾನು, ನಮ್ಮನಿಯವರು, ಮೈದುನ, ಆತನ ಹೊಸಾ ಹೆಂಡತಿ. ನನ್ನ ನೆಗೆಣ್ಣಿ ರಾಯಚೂರ ಕಡೆಯಾಕಿ. ಬಂದ ಎಂಟು ದಿನದಾಗ "ಅಕ್ಕಾ, ಅಕ್ಕಾ" ಅಂತ ನನ್ನ ಹಿಂದ ಮುಂದ ಅಡ್ಡಾಡಿ ಮನಿಗೆ ಒಂದು ಸಪ್ಪಳ ತಂದಳು. ನಾನು ಅಂಗಡಿಯಿಂದ ಸೀರಿ ತಂದು ಕೊಟ್ರ ಫಾಲ್ ಹಚ್ಚಿ ಕೊಡತಿದ್ದಳು. ನನಗ ಖರೇನ ಖುಷಿ ಆಗಿತ್ತು. ತಂಗಿ ಇಲ್ಲದಾಕಿ ನಾನು.

ಒಂದು ರವಿವಾರ ನೀರಿನ ಬಾಟ್ಲಿ ಹಿಡ್ಕೊಂಡು ಬರಲಿ ಅಂತ ಆಕಿನ್ನ ಪ್ರ್ಯಾಕ್ಟೀಸಿಗೆ ಕರಕೊಂಡು ಹೋದೆ. ಚೆಂಡು ಉರುಳಿ ಆಕಿ ಕಾಲಿಗೆ ಬಂತು. ಆಕಿ ಸೆರಗು ಸೊಂಟಕ್ಕ ಸಿಗಿಸಿಕೊಂಡು ಅಲ್ಲಿಂದನ ಒಗದಳು. ಚೆಂಡು ಮೂರು ಮಂದಿ ಕೈಯಾಗಿಂದ ಜಾರಿ ಗ್ವಾಡಿಗೆ ಹೋಗಿ ಬಡೀತು. ಸಾಲಿಯೊಳಗ ಆಡತಿದ್ದಳಂತ, ಯಾರೂ ಕೇಳಿರಲಿಲ್ಲ, ಆಕಿ ಹೇಳಿರಲಿಲ್ಲ. ನಮ್ಮ ತಂಡದಾಗ ಒಬ್ಬ ಅಕ್ಕ ಅದಾರ, ಕುಂದಾಪುರ ಕಡೆಯವರು, ಠಾಣೆಯೊಳಗ ಗಂಡನ ಜೋಡಿ ಕ್ಯಾಂಟೀನ್ ನಡೆಸತಾರ. ಅವರು ಸೊಂಟದ ಮ್ಯಾಲ ಕೈ ಇಟ್ಟು, "ದೇವರೇ! ಇವಳನ್ನು ಇಷ್ಟು ದಿನ ಎಲ್ಲಿ ಅಡಗಿಸಿ ಇಟ್ಟಿದ್ರಿ ಮಾರಾಯ್ತಿ?" ಅಂದ್ರು. ಅಡಗಿಸಿ ಇಟ್ಟಿದ್ರ ಚೊಲೋ ಇತ್ತು.

ಮುಂದಿನ ವಾರ ಆಕಿಗೆ ಅಂಗಿ ಕೊಡೂ ಮಾತು ಬಂತು. ಎಲ್ಲಾರೂ ನನ್ನ ಕಡೆ ನೋಡಾಕತ್ತಿದ್ರು. ನಾನು ಏನು ಮಾಡಲಿ? "ನಂದ ತಗೋ ಬಾ, ಏಳು ನಂಬರಿನ ಅಂಗಿ ಮನ್ಯಾಗ ಉಳೀತದ" ಅಂತ ನಕ್ಕೊಂತ ಕೊಟ್ಟೆ. ಗಲ್ಲ ಬ್ಯಾನಿ ಆಗೂಮಟ ನಕ್ಕೆ. ಆಕಿ ಬಗ್ಗಿ ನನ್ನ ಕಾಲು ಮುಟ್ಟಿದಳು. ಮಂದಿ ಚಪ್ಪಾಳಿ ಹೊಡದ್ರು, ಆ ಚಪ್ಪಾಳಿ ನನಗೋ ಆಕಿಗೋ ಅಂತ ನಾನು ಮನೀಮಟ ವಿಚಾರ ಮಾಡಿದೆ.

ಅಲ್ಲಿಂದ ಸುರು ಆತು ನನ್ನ ಉರಿ. ಬಾಲ್ಕನ್ಯಾಗ ಹಗ್ಗದ ಮ್ಯಾಲ ಆ ಅಂಗಿ ಒಣಗತಿತ್ತು, ಮುಂಜಾನೆ ಚಹಾ ಕುಡಿಯೂ ಹೊತ್ತಿನಾಗ ಅದ ನನ್ನ ಮುಖಕ್ಕ ಬಂದು ಬಡಿಯೂದು. ನಮ್ಮನಿಯವರು ಒಮ್ಮೆ ಮ್ಯಾಚ್ ನೋಡಿ ಬಂದು, "ಥೇಟ್ ನಿನ್ನಂಗ ಒಗೀತಾಳ ನೋಡು. ಆದ್ರ ಆಕೀದು ಹೋಗಿ ಮುಟ್ಟತೈತಿ" ಅಂದ್ರು. ಆ ದಿನ ಅವರ ಪಲ್ಯಕ್ಕ ಖಾರ ಒಂದು ಮುಷ್ಟಿ ಹೆಚ್ಚಿಗಿ ಬಿತ್ತು. ತಿಂದು ಬೆವತು, ಎರಡು ತಂಬಿಗಿ ನೀರು ಕುಡದ್ರು.

ಆಕಿ ಸೊಕ್ಕಿನಾಕಿ ಇದ್ದಿದ್ರ ನನಗ ಎಷ್ಟೋ ಹಗುರ ಆಗತಿತ್ತು. ಆಕಿ ರಾತ್ರಿ ಊಟ ಆದ ಮ್ಯಾಲ ಎಣ್ಣಿ ಬಿಸಿ ಮಾಡಿ ನನ್ನ ಮೊಣಕಾಲು ತಿಕ್ಕತಿದ್ದಳು. "ಅಕ್ಕಾ, ಮಣಿಕಟ್ಟು ಹೆಂಗ ತಿರವತಿದ್ರಿ ನೀವು? ನನಗ ಕಲಿಸ್ರಿ" ಅಂತಿದ್ದಳು. ನಾನು ತಪ್ಪು ತಪ್ಪು ಕಲಿಸಿದೆ. ಆಕಿ ಅದನ್ನ ಮಾಡಿ ನೋಡಿ, ಬರದಿದ್ದಕ್ಕ ಬಿಟ್ಟು, "ನಿಮ್ಮ ಕೈಗೆ ಅದು ಬರತೈತ್ರಿ, ನಮಗೆಲ್ಲಿ?" ಅಂತಿದ್ದಳು. ಇಂಥಾಕಿ ಮ್ಯಾಲ ಸಿಟ್ಟು ಮಾಡೂದು ಹೆಂಗ ಹೇಳ್ರಿ. ಆದ್ರೂ ಮಾಡಿದೆ.

ಎರಡು ವರ್ಷದ ಹಿಂದ ನಮ್ಮ ಸಂಘದ ಕ್ರೀಡಾ ಕಾರ್ಯದರ್ಶಿ ತಮ್ಮನ ಮನಿಗಂತ ಆಸ್ಟ್ರೇಲಿಯಾಕ್ಕ ಹೋಗಿ ಬಂದ್ರು. ಮಂದಿ ಅಲ್ಲಿಂದ ಚಾಕಲೇಟ್ ತರತಾರ, ಇವರು ಒಂದು ನಿಯಮ ತಂದ್ರು. "ಅಲ್ಲಿ ಒಂದು ಫುಟ್‌ಬಾಲ್ ಉಂಟು. ಚೆಂಡು ಮೊಟ್ಟೆಯ ಹಾಗೆ. ಕೈಯಲ್ಲೂ ಹಿಡೀತಾರೆ, ಕಾಲಲ್ಲೂ ಒದೀತಾರೆ. ಆಟ ಮುಗಿದ ಮೇಲೆ ಅಸಲು ಗಮ್ಮತ್ತು" ಅಂತ ಸಭಾದಾಗ ಹೇಳಿದ್ರು. ಸೀಸನ್ ಮುಗದ ಮ್ಯಾಲ ಅಲ್ಲಿ ಕ್ಲಬ್ಬಿನವರು ಆಟಗಾರರನ್ನ ಅದಲುಬದಲು ಮಾಡತಾರಂತ. ಇವನ್ನ ಕೊಟ್ಟು ಅವನ್ನ ತರೂದು, ಮುಂದಿನ ವರ್ಷಕ್ಕ ಪಟ್ಟಿ ಕಟ್ಟೂದು. ಅಭಿಮಾನಿಗಳಿಗೆ ಆ ದಿನಗಳಾಗ ಬ್ಯಾರೆ ಮಾತ ಇಲ್ಲಂತ. ಅವರ ತಮ್ಮ, ತಮ್ಮನ ಬಾಜೂ ಮನಿಯಾವ, ಹಾಲು ಮಾರೂ ಅಂಗಡಿಯಾಕಿ, ಎಲ್ಲಾರೂ ಅದನ್ನ ಜಗ್ಗ್ಯಾಡೂದಂತ: ಎತ್ತರದಾವ ಬೇಕೋ, ಓಡಾವ ಬೇಕೋ, ವಯಸ್ಸಾದಾವನ್ನ ಇಟಗೋಬೇಕೋ ಬಿಡಬೇಕೋ.

ನಮ್ಮಲ್ಲಿ ವರ್ಷ ವರ್ಷ ಠಾಣೆಯವರ ಗೆಲ್ಲತಿದ್ರು, ಉಳದವರಿಗೆ ಬ್ಯಾಸರಾಗಿತ್ತು. ಹಿಂಗಾಗಿ ನಾಲ್ಕೂ ಸಂಘದವರು ಕೂಡಿ ಒಪ್ಪಿದ್ರು. ಒಂದು ತಂಡ ಒಬ್ಬಾಕಿನ್ನ ಕೊಡಬಹುದು, ಒಬ್ಬಾಕಿನ್ನ ತಗೋಬಹುದು. ಹೋಗೂವಾಕಿ ತಾನಾಗಿ ಹೂಂ ಅನ್ನಬೇಕು. ಹೋದಾಕಿ ಎರಡು ವರ್ಷ ಅಲ್ಲೇ ಆಡಬೇಕು. ಪಟ್ಟಿ ಕೊಡಾಕ ಒಂದು ವಾರ.

ಆ ವಾರ ಮುಂಜಾನೆ ಕೆಲಸಕ್ಕಂತ ಠಾಣೆಗೆ ಹೋಗೂ ಲೋಕಲ್ ಗಾಡಿಯ ಲೇಡೀಸ್ ಡಬ್ಬಾದಾಗ ಏನು ಕೇಳತೀರಿ! ಠಾಕುರ್ಲ್ಯಾಗ ನಾನು ಹತ್ತತಿದ್ದೆ, ಡೊಂಬಿವ್ಲ್ಯಾಗ ಕ್ಯಾಂಟೀನ್ ಅಕ್ಕ ಹತ್ತತಿದ್ರು, ಅವರ ಹಿಂದ ಬ್ಯಾಂಕಿನ ಹುಡುಗಿ. ಈ ಹುಡುಗಿ ಇಲ್ಲೇ ಹುಟ್ಟಿದಾಕಿ, ನಾವು ಕನ್ನಡದಾಗ ಕೇಳಿದ್ರ ಹಿಂದ್ಯಾಗ ಉತ್ತರ ಕೊಡತಾಳ. ತಾನು ಆಡೂದಿಲ್ಲ, ಆದ್ರ ನಾಲ್ಕೂ ತಂಡದ ಪಟ್ಟಿ ಆಕಿ ಮೊಬೈಲಿನಾಗ ಇರತೈತಿ. ಮೂರು ಮಂದಿ ಸೀಟಿನಾಗ ನಾಲ್ಕು ಮಂದಿ ಒತ್ತಿಕೊಂಡು, ತೊಡಿ ಮ್ಯಾಲ ಮೆಂತೆಪಲ್ಯ ಸೋಸಿಕೊಂತ ನಾವು ತಂಡ ಕಟ್ಟತಿದ್ದೆವು. ಬಾಜೂ ಕುಂತ ಮರಾಠಿ ಬಾಯಿಗಳು ನಾವು ಯಾರದೋ ಲಗ್ನ ಮಾಡಾಕತ್ತೀವಿ ಅಂತ ತಿಳಕೊಂಡಿದ್ರು. "ಹುಡುಗಿ ಕಡೆಯವರೋ, ಹುಡುಗನ ಕಡೆಯವರೋ?" ಅಂತ ಒಬ್ಬಾಕಿ ಕೇಳೇ ಬಿಟ್ಟಳು.

ನಮಗ ಬೇಕಾಗಿದ್ದು ಎತ್ತರ. ನೆಟ್ಟಿನ ಹತ್ರ ನಮ್ಮವರೆಲ್ಲಾ ಗಿಡ್ಡ. ನವಿ ಮುಂಬಯಿ ತಂಡದಾಗ ಒಬ್ಬಾಕಿ ಇದ್ದಳು, ಕಲಬುರ್ಗಿ ಕಡೆಯಾಕಿ, ಅಲ್ಲೇ ನವಿ ಮುಂಬಯಿಯ ತುರ್ಭೆ ಕಾರ್ಖಾನ್ಯಾಗ ಪೆಟಗಿ ಎತ್ತಿ ಎತ್ತಿ ಗಟ್ಟಿ ಆದಾಕಿ. ಆಕಿ ನೆಟ್ಟಿನ ಮುಂದ ಕೈ ಎತ್ತಿ ನಿಂತ್ರ ಈ ಕಡೆ ಬಿಸಲ ಬೀಳೂದಿಲ್ಲ.

"ಅವಳು ಬಂದ್ರೆ ಕಪ್ ನಮ್ಮದೇ" ಅಂದ್ರು ಕ್ಯಾಂಟೀನ್ ಅಕ್ಕ. "ಆದ್ರೆ ಅವರು ಸುಮ್ಮನೆ ಕೊಡ್ತಾರಾ? ಎಂತ ಕೇಳ್ತಾರಂತೆ?"

ಬ್ಯಾಂಕಿನ ಹುಡುಗಿ ಮೊಬೈಲ್ ನೋಡಿ, "ಸಾತ್ ನಂಬರ್ ಮಾಂಗ್ ರಹೇ ಹೈಂ" ಅಂದಳು.

ಏಳು ನಂಬರ್. ನನ್ನ ನೆಗೆಣ್ಣಿ. ನನ್ನ ಕೈಯಾಗಿನ ಮೆಂತೆ ದಂಟು ಅಲ್ಲೇ ನಿಂತಿತು.

"ಆಗುದೇ ಇಲ್ಲ!" ಅಂದ್ರು ಅಕ್ಕ. "ಅವಳನ್ನು ಕೊಟ್ಟು ಎಂತ ಮಣ್ಣು ಆಡುದು ನಾವು? ಬೇರೆ ಯಾರನ್ನಾದ್ರೂ ಕೊಡುವ."

ಮೂರು ದಿನ ಇದ ವಾದ ನಡೀತು. ನಾನು ಶಾಣ್ಯಾಕಿಯಂಗ ಮಾತಾಡಿದೆ. ಸರ್ವಿಸ್ ಒಂದರಿಂದ ಪಾಯಿಂಟ್ ಬರೂದಿಲ್ರಿ, ನೆಟ್ ಕಾಯೂವರು ಬೇಕು ಅಂದೆ. ಒಬ್ಬಾಕಿ ಮ್ಯಾಲ ತಂಡ ನಿಂದ್ರಬಾರದು ಅಂದೆ. ಆಸ್ಟ್ರೇಲಿಯಾದಾಗ ಹಂಗ ಮಾಡತಾರಂತ, ಹೆಸರು ಇದ್ದಾಗ ಕೊಟ್ಟುಬಿಡತಾರಂತ ಅಂದೆ. ಕಾರ್ಯದರ್ಶಿ ಹಂಗೇನೂ ಹೇಳಿರಲಿಲ್ಲ. ಅಕ್ಕ ಒಂದಕ್ಕೂ ಬಗ್ಗಲಿಲ್ಲ. "ನಿಮಗೆ ಮಂಡೆ ಸಮ ಉಂಟಾ? ನಿಮ್ಮದೇ ಮನೆ ಹುಡುಗಿ ಅಲ್ವಾ?" ಅಂದ್ರು. ಅದೇ ಅಕ್ಕ ಆಮ್ಯಾಲ ಆಕಿನ್ನ ಹೊಗಳಾಕ ಸುರು ಮಾಡಿದ್ರು. ನಮ್ಮ ತಂಡದಾಗ ಇಂಥಾ ಕೈ ಹಿಂದೆಂದೂ ಬಂದಿಲ್ಲ ಅಂದ್ರು. ಹಿಂದೆಂದೂ! ನನ್ನ ಆರು ವರ್ಷ ನನ್ನ ಬಾಜೂನ ಕುಂತು ಆ ಒಂದ ಶಬ್ದದಾಗ ಒರಿಸಿಬಿಟ್ರು.

ಗಾಡಿ ಕಳವಾ ಸ್ಟೇಶನ್ ಬಿಟ್ಟಿತ್ತು. ಇನ್ನೇನು ಠಾಣೆ ಬರತೈತಿ, ಎಲ್ಲಾರೂ ಎದ್ದು ಬಾಗಲಿಗೆ ಹೊಂಟಿದ್ರು. ನಾನು ಅಕ್ಕನ ಕಿವಿ ಹತ್ರ ಬಗ್ಗಿ, "ಯಾರಿಗೂ ಹೇಳಬ್ಯಾಡ್ರಿ ಮತ್ತ. ಮನ್ಯಾಗ ಸಿಹಿ ಸುದ್ದಿ ಐತಿ. ಆಕಿ ಈ ಸಲ ಹೆಂಗೂ ಆಡೂಹಂಗಿಲ್ಲ" ಅಂದೆ.

ಸಿಹಿ ಸುದ್ದಿ ಇರಲಿಲ್ಲ. ಲಗ್ನಾಗಿ ನಾಲ್ಕು ವರ್ಷ ಆಗಿತ್ತು, ಆಕಿಗೆ ದಿನ ನಿಂತಿರಲಿಲ್ಲ. ಊರಿಂದ ಆಕಿ ಅವ್ವ ಫೋನ್ ಮಾಡಿದಾಗೊಮ್ಮೆ ಅದನ್ನ ಕೇಳತಿದ್ದಳು, ಆಕಿ ಫೋನ್ ಹಿಡ್ಕೊಂಡು ಬಾಲ್ಕನಿಗೆ ಹೋಗಿ ಬಾಗಲಾ ಮುಂದ ಮಾಡಿಕೊಳ್ಳತಿದ್ದಳು. ಇದೆಲ್ಲಾ ನನಗ ಗೊತ್ತಿತ್ತು. ಮನಿಯಾಕಿ ಹೇಳಿದ ಮಾತು ಅಂತ ಅಕ್ಕ ನಂಬಿದ್ರು. ಬೇಲಿನ ಎದ್ದು ಹೊಲ ಮೇಯ್ದ್ರ ಯಾರಿಗೆ ಹೇಳೂದು?

ಅಕ್ಕನ ಮುಖ ಅರಳಿತು, ಮರುಗಳಿಗೆ ಲೆಕ್ಕ ಹೊಡೀತು. "ಹೌದಾ! ಹಾಗಾದ್ರೆ ಕೊಡುವ ಮಾರಾಯ್ತಿ! ಅವರಿಗೆ ಗೊತ್ತಾಗುದು ಬೇಡ." ಇಳದು ಪ್ಲಾಟ್‌ಫಾರ್ಮಿನ ಮ್ಯಾಲ ನನ್ನ ಕೈ ಹಿಸುಕಿ, "ಒಳ್ಳೇದಾಗಲಿ" ಅಂತ ಹೇಳಿ ಹೋದ್ರು. ಯಾರಿಗೂ ಹೇಳಬ್ಯಾಡ್ರಿ ಅಂದ್ನೆಲ್ಲಾ? ಬುಧವಾರ ಹೇಳಿದ್ದು ಗುರುವಾರ ಇಡೀ ತಂಡಕ್ಕ ಗೊತ್ತಾತು.

ಮನ್ಯಾಗ ಆಕಿನ್ನ ಒಪ್ಪಸೂದು ಏನೂ ಕಷ್ಟ ಆಗಲಿಲ್ಲ. "ತಂಡಕ್ಕ ಎತ್ತರದಾಕಿ ಬೇಕಾಗ್ಯಾಳ, ನೀ ಹೂಂ ಅಂದ್ರ ಆಗತೈತಿ. ನಿನ್ನ ಗಂಡಂದೂ ಕೆಲಸ ತುರ್ಭೆದಾಗ, ಕೂಡೇ ಹೋಗಿ ಬರಬಹುದು" ಅಂದೆ. ಆಕಿ ಸೀರಿಗೆ ಫಾಲ್ ಹಚ್ಚಾಕತ್ತಿದ್ದಳು. ಸೂಜಿ ನಿಲ್ಲಿಸಿ, "ಎಲ್ಲಾರೂ ಹಂಗ ಅಂದ್ರೇನ್ರೀ ಅಕ್ಕಾ?" ಅಂದಳು. ಹೌದು ಅಂದೆ. "ನೀವು?" ಅಂದಳು. "ನನಗ ತಂಡ ದೊಡ್ಡದು" ಅಂದೆ. ಆಕಿ ದಾರ ಹಲ್ಲಿನಿಂದ ಕಡದು, "ನೀವು ಹೂಂ ಅಂದ ಮ್ಯಾಲ ನಂದೂ ಹೂಂ ರೀ" ಅಂದಳು.

ರವಿವಾರ ಮುಂಜಾನೆ ಡೊಂಬಿವ್ಲಿಯ ಸಂಘದ ಹಾಲಿನಾಗ ಎರಡೂ ತಂಡದವರು ಕೂಡಿದ್ರು. ಕಾಗದದ ಮ್ಯಾಲ ಸಹಿ ಆತು. ಇಷ್ಟಕ್ಕ ಮುಗೀಬೇಕಾಗಿತ್ತು. ಆದ್ರ ನಮ್ಮ ಕಡೆಯ ಹೆಣ್ಣಮಕ್ಕಳು, "ನಮ್ಮ ಮಗಳನ್ನ ಬ್ಯಾರೆ ಮನಿಗೆ ಬರೇ ಉಡಿಲೆ ಕಳಸಬೇಕೇನು? ಉಡಿ ತುಂಬಬೇಕು" ಅಂತ ಹಟ ಹಿಡದ್ರು. ಕರಾವಳಿಯವರು, "ಹೌದು, ನಮ್ಮಲ್ಲಿಯೂ ಮಡಿಲು ತುಂಬುದು ಉಂಟು" ಅಂದ್ರು. ಕಾರ್ಯದರ್ಶಿ, "ಆಸ್ಟ್ರೇಲಿಯಾದಲ್ಲಿ ಹೀಗೆಲ್ಲ ಇಲ್ಲಪ್ಪ" ಅಂದ್ರ, "ಇಲ್ಲಂದ್ರ ಅದು ಅವರ ಹಣೇಬಾರ" ಅಂತ ಯಾರೋ ಬಾಯಿ ಮುಚ್ಚಿಸಿದ್ರು. ತುರ್ಭೆ ಎತ್ತರದಾಕಿಗೂ ಅವರ ತಂಡದವರು ಉಡಿ ತುಂಬಿದ್ರು. "ನನ್ನ ಇನ್ನೊಮ್ಮೆ ಲಗ್ನಾ ಮಾಡಿ ಕೊಟ್ರಿ ನೋಡ್ರಿ" ಅಂತ ಆಕಿ ನಕ್ಕು ಹಾಲ್ ಎಲ್ಲಾ ನಗಿಸಿದಳು.

ನನ್ನ ನೆಗೆಣ್ಣಿಗೆ ಉಡಿ ತುಂಬೂದು ಮನಿಗೆ ಹಿರಿಯಾಕಿ ಅಂತ ನನ್ನ ಪಾಲಿಗೆ ಬಂತು. ಆಕಿ ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡು ಬಂದಿದ್ದಳು, ಉಡಿಗೆ ಸೆರಗ ಇರಲಿಲ್ಲ. ಬ್ಯಾಂಕಿನ ಹುಡುಗಿ ತನ್ನ ಓಢಣಿ ಕೊಟ್ಟಳು, ಅದನ್ನ ಸೊಂಟಕ್ಕ ಕಟ್ಟಿ ಉಡಿ ಮಾಡಿದ್ವಿ. ಕುಂಕುಮ ಹಚ್ಚಿದೆ. ಐದು ಬೊಗಸಿ ಅಕ್ಕಿ ಹಾಕಿದೆ, ತೆಂಗಿನಕಾಯಿ ಇಟ್ಟೆ, ಕುಬಸದ ಖಣ ಇಟ್ಟೆ. ಆಕಿ ಮುಖ ನೋಡಲಾರದ ಓಢಣಿ ಗಂಟು ಮತ್ತೊಮ್ಮೆ ಬಿಗಿ ಮಾಡಿದೆ. ಮಂದಿ ಅದನ್ನ ಪ್ರೀತಿ ಅಂತ ತಿಳಕೊಂಡ್ರು.

ಅಷ್ಟರಾಗ ಕ್ಯಾಂಟೀನ್ ಅಕ್ಕ ಮುಂದ ಬಂದು, ತಾವ ತಂದಿದ್ದ ಬಾಳೆಹಣ್ಣು, ಖರ್ಜೂರದ ಪೊಟ್ಟಣ ಉಡಿಯೊಳಗ ಹಾಕಿ, ಆಕಿ ಹೊಟ್ಟಿ ಮ್ಯಾಲ ಮೆಲ್ಲಗ ಕೈ ಆಡಿಸಿದ್ರು. ದನಿ ಸಣ್ಣದು ಮಾಡಿ, "ಭಾರ ಎತ್ತಬೇಡ ಆಯ್ತಾ. ಎಷ್ಟು ತಿಂಗಳಾಯ್ತು?" ಅಂದ್ರು.

ಆಕಿಗೆ ತಿಳೀಲಿಲ್ಲ. ಅಕ್ಕನ ಮುಖ ನೋಡಿದಳು, ಹೊಟ್ಟಿ ಮ್ಯಾಲಿನ ಕೈ ನೋಡಿದಳು. ಸುತ್ತ ನಿಂತ ನಮ್ಮ ತಂಡದವರೆಲ್ಲಾ ಗುಟ್ಟು ಗೊತ್ತಿದ್ದವರಂಗ ಮುಸಿಮುಸಿ ನಗಾಕತ್ತಿದ್ರು. ಆಮ್ಯಾಲ ನನ್ನ ಕಡೆ ನೋಡಿದಳು. ನಾನು ಕುಂಕುಮದ ಬಟ್ಟಲಿನಾಗ ಕಣ್ಣು ನೆಟ್ಟೆ. ಆಕಿಗೆ ಎಲ್ಲಾ ತಿಳೀತು. ಯಾರು ಹೇಳಿದ್ರು, ಯಾಕ ಹೇಳಿದ್ರು, ಎಲ್ಲಾ.

ಈಗ ಒಂದು ಮಾತು ಆಡಿದ್ರ ನನ್ನ ಮಾನ ಅಲ್ಲೇ ಹಾಲಿನ ನೆಲದ ಮ್ಯಾಲ ಬೀಳತಿತ್ತು. ಆಕಿ ತಲಿ ತಗ್ಗಿಸಿ, "ಇನ್ನೂ ಹೇಳೂಹಂಗಿಲ್ರೀ ಅಕ್ಕಾ" ಅಂದಳು. ಅಕ್ಕ ಆಕಿ ಗಲ್ಲ ಹಿಡದು ದೃಷ್ಟಿ ತಗದ್ರು. ಅಂಗಿ ಮಡಚಿ ತಂದಿದ್ದಳು ಆಕಿ, ಅದನ್ನ ಕಾರ್ಯದರ್ಶಿ ಕೈಗೆ ಕೊಟ್ಟಳು. ಕಾರ್ಯದರ್ಶಿ ನನ್ನ ನೋಡಿ, "ಮೊಣಕಾಲು ಹೇಗುಂಟಮ್ಮ? ಸರ್ವಿಸಿಗೆ ಜನ ಬೇಕಲ್ಲ ಈಗ" ಅಂದ್ರು. "ಕಮ್ಮಿ ಆಗೈತ್ರಿ" ಅಂದೆ. ಅಂಗಿ ನನ್ನ ಕೈಗೆ ಬಂತು. ನನಗ ಬೇಕಾಗಿದ್ದು ಸಿಕ್ಕಿತ್ತು.

ಡೊಂಬಿವ್ಲಿಯಿಂದ ಠಾಕುರ್ಲಿ ಒಂದ ಸ್ಟೇಶನ್. ಆಕಿ ಉಡಿ ಗಂಟು ತೊಡಿ ಮ್ಯಾಲ ಇಟಗೊಂಡು ಕುಂತಿದ್ದಳು, ನಾನು ಎದರಿಗೆ. ಬೈಲಿ, ಚೀರಲಿ, ಮಂದಿ ಮುಂದ ಕಪಾಳಕ್ಕ ಹೊಡೀಲಿ ಅಂತ ಕಾದೆ. ಆಕಿ ಬಾಳೆಹಣ್ಣು ಸರಿ ಮಾಡಿ ಇಟ್ಟಳು, ಖರ್ಜೂರದ ಪೊಟ್ಟಣ ತಿರುವಿ ನೋಡಿದಳು. ಗಾಡಿ ನಿಲ್ಲೂ ಹೊತ್ತಿಗೆ, ನನ್ನ ಕಡೆ ನೋಡದನ, "ಕೇಳಿದ್ರ ಏಳು ನಂಬರ್ ನಾನ ಕೊಡತಿದ್ನೆಲ್ರೀ ಅಕ್ಕಾ" ಅಂದಳು. ಇಳದು ಮುಂದ ನಡದಳು. ಗಂಟು ಹೊರಾಕ ನಾನು ಕೈ ಹಚ್ಚಾಕ ಹೋದೆ, ಆಕಿ ಇನ್ನೊಂದು ಕಂಕುಳಕ್ಕ ಬದಲಿಸಿಕೊಂಡಳು.

ತಪ್ಪಾತು ಅಂತ ಅವತ್ತ ಹೇಳಬೇಕಾಗಿತ್ತು. ಹೇಳಲಿಲ್ಲ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರ. ಆಡದ ಮಾತೂ ಹೋಗತೈತಿ, ಅದನ್ನ ಯಾರೂ ಹೇಳೂದಿಲ್ಲ. ಒಂದು ತಿಂಗಳದಾಗ ಮೈದುನ ತುರ್ಭೆದಾಗ ಖೋಲಿ ಹಿಡದ. "ದಿನಾ ಠಾಣೆಯೊಳಗ ಗಾಡಿ ಬದಲಿ ಮಾಡಿ ಸಾಕಾಗೇತಿ ವೈನಿ" ಅಂದ. ಆತಗ ಏನೂ ಗೊತ್ತಿರಲಿಲ್ಲ. ಆಕಿ ಗಂಡಗೂ ಹೇಳಿರಲಿಲ್ಲ. ಸಾಮಾನು ಕಟ್ಟುವಾಗ ಎಣ್ಣಿ ಬಟ್ಟಲಾ ನನ್ನ ಮಂಚದ ಕೆಳಗ ಇಟ್ಟು, "ಬಿಸಿ ಮಾಡಿ ಹಚ್ಚಿಕೊಳ್ರಿ" ಅಂತ ಹೇಳಿ ಹೋದಳು.

ಮೂರು ತಿಂಗಳ ಆದ ಮ್ಯಾಲ ಬ್ಯಾಂಕಿನ ಹುಡುಗಿ ಗಾಡ್ಯಾಗ ಒಂದು ವಿಡಿಯೋ ತೋರಿಸಿದಳು. ತುರ್ಭೆಯೊಳಗ ನನ್ನ ನೆಗೆಣ್ಣಿ ಓಡಿ ಓಡಿ ಸರ್ವಿಸ್ ಮಾಡಾಕತ್ತಿದ್ದಳು. ಕ್ಯಾಂಟೀನ್ ಅಕ್ಕ ಅದನ್ನ ಎರಡು ಸಲ ನೋಡಿದ್ರು. ನನ್ನ ಕೈ ಹಿಡದು, "ಪಾಪ... ಹೋಯ್ತಾ?" ಅಂದ್ರು. ನಾನು ಅಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ, ತಲಿ ತಗ್ಗಿಸಿದೆ. ಅಕ್ಕನ ಕಣ್ಣಾಗ ನೀರು ಬಂತು. ಹುಟ್ಟಲಾರದ ಕೂಸಿಗೆ ದಿವಾ ಸ್ಟೇಶನ್ ಬರೂಮಟ ಅತ್ರು ಅವರು. ನಾನು ಬಾಜೂ ಕುಂತು ಅವರಿಗೆ ನೀರಿನ ಬಾಟ್ಲಿ ಕೊಟ್ಟೆ. ಅದಕ್ಕಿಂತ ಕೀಳು ಕೆಲಸ ನಾನು ಜನ್ಮದಾಗ ಮಾಡಿಲ್ಲ.

ಆ ವರ್ಷದ ಆಟದಾಗ ನಾವು ಫೈನಲ್‌ಗೆ ಬಂದ್ವಿ. ಎತ್ತರದಾಕಿ ನೆಟ್ ಕಾದಳು, ನನ್ನ ಸರ್ವಿಸ್ ಹೆಂಗೋ ನಡೀತು, ಪಟ್ಟಿ ಚೊಲೋ ಕಟ್ಟೀವಿ ಅಂತ ಎಲ್ಲಾರೂ ನನ್ನ ಬೆನ್ನು ಚಪ್ಪರಿಸಿದ್ರು. ಎದರಿಗೆ ಬಂದವರು ನವಿ ಮುಂಬಯಿ. ಆಕಿ ಅಲ್ಲೂ ಏಳು ನಂಬರ್ ಕೇಳಿಕೊಂಡಿರಲಿಲ್ಲ, ಹನ್ನೆರಡು ಹಾಕ್ಕೊಂಡಿದ್ದಳು. ನನ್ನ ಹಳೇ ನಂಬರ್, ಬೆಂಚಿನ ಮ್ಯಾಲ ಕುಂತಾಗಿನದು.

ನಾನು ಹಿಂದಿನ ಸಾಲಿನಾಗ ಎಡಕ್ಕ ನಿಂತಿದ್ದೆ. ಆಕಿ ಗೆರಿ ಮ್ಯಾಲ ಬಂದಳು, ಮಣಿಕಟ್ಟು ಸಡಿಲ ಮಾಡಿದಳು. ನನಗ ಒಗೀತಾಳ ಅಂತ ನನಗ ಖಾತ್ರಿ ಇತ್ತು. ಕಾಲು ನೆಲಕ್ಕ ಊರಿ ಎರಡೂ ಕೈ ತಯಾರ ಇಟ್ಟೆ. ಬೆರಳು ಉಳುಕಿದ್ರೂ ಉಳುಕಲಿ, ಎದಿಗೆ ಬಡದ್ರೂ ಬಡೀಲಿ. ಖರೇ ಹೇಳತೀನಿ, ಬಡೀಲಿ ಅಂತನ ಬೇಡಿಕೊಂಡೆ. ಚೆಂಡು ಬಲಕ್ಕ ಹೋತು. ಎರಡನೇದು ನಡುವ ಹೋತು. ಮೂರನೇದು ನನ್ನ ಬಾಜೂ ನಿಂತ ಬ್ಯಾರೆಯಾಕಿಗೆ, ನನ್ನ ಮೊಣಕೈ ಹತ್ರ ಗಾಳಿ ಹಾಯಿಸಿಕೊಂಡು ಹೋತು. "ಅವರಿಗ ಒಗಿ, ಅವರ ಕಾಲು ಸುಮಾರ ಐತಿ!" ಅಂತ ನವಿ ಮುಂಬಯಿಯವರು ಹೊರಗಿಂದ ಒದರಿದ್ರು. ಆಕಿ ಕೇಳಲಾರದಂಗ ನಿಂತಳು.

ಇಡೀ ಆಟ ಮುಗೀತು. ಒಂದು ಚೆಂಡೂ ನನಗ ಕೊಡಲಿಲ್ಲ. ಅವರು ಗೆದ್ರು. ಸಾಲಾಗಿ ನಿಂತು ಕೈ ಕುಲಕುವಾಗ ಆಕಿ ಎಲ್ಲಾರಿಗೂ ಕೈ ಕೊಟ್ಟಂಗ ನನಗೂ ಕೊಟ್ಟು, "ಮೊಣಕಾಲು ಹೆಂಗೈತ್ರಿ?" ಅಂದಳು, ಬಸ್ ಸ್ಟ್ಯಾಂಡಿನಾಗ ಸಿಕ್ಕ ಪರಿಚಯದವರನ್ನ ಕೇಳಿದಂಗ. ನಾನು ಬಾಯಿ ತೆಗಿಯೂದರಾಗ ಮುಂದಿನಾಕಿ ಕೈ ಹಿಡದಾಗಿತ್ತು. ಆಕಿನ್ನ ಮರಳಿ ತರೂಣು ಅಂತ ಕಾರ್ಯದರ್ಶಿಗೆ ಕೇಳಿದೆ. "ಎರಡು ವರ್ಷದ ನಿಯಮ ಉಂಟಲ್ಲಮ್ಮ" ಅಂದ್ರು. ಬಾಜೂ ನಿಂತ ಒಬ್ಬಾಕಿ, "ಉಡಿ ತುಂಬಿ ಕಳಿಸಿದ ಮಗಳನ್ನ ವಾಪಸ್ ಕೇಳತಾರೇನ?" ಅಂದಳು. ಆ ಎರಡು ವರ್ಷ ಈಗ ಮುಗದಾವ. ಹೋದ ವಾರ ಕೇಳಿಸಿದ್ವಿ. ಬರೂದಿಲ್ಲ ಅಂದಳಂತ.

ಆ ಫೈನಲ್ ದಿನ ಗಾಡ್ಯಾಗ ವಾಪಸ್ ಬರುವಾಗ ನಮ್ಮ ತಂಡದವರು ಅಂಗೈ ತಿಕ್ಕಿಕೊಂತ ಕುಂತಿದ್ರು. "ಎಂತ ಕೈ ಮಾರಾಯ್ತಿ ಅವಳದ್ದು! ನೋಡಿ" ಅಂತ ಕ್ಯಾಂಟೀನ್ ಅಕ್ಕ ಎರಡೂ ಅಂಗೈ ಚಾಚಿದ್ರು. ಕೆಂಪಗೆ ಬಾತಿದ್ದವು. ಒಬ್ಬೊಬ್ಬರ ತಮ್ಮ ತಮ್ಮ ಕೈ ತೋರಿಸಿದ್ರು, ಯಾರದು ಹೆಚ್ಚು ಕೆಂಪು ಅಂತ ನಗಾಕತ್ತಿದ್ರು. ನಾನು ಏಳು ನಂಬರಿನ ಅಂಗಿಯೊಳಗ ಕೆಂಪಾಗಲಾರದ ನನ್ನ ಕೈ ಮುಚ್ಚಿಕೊಂಡು ಕುಂತೆ. ಅವರೆಲ್ಲಾರ ಮ್ಯಾಲೂ ನನಗ ಹೊಟ್ಟಿಕಿಚ್ಚಾತು.